ಹಳೇ ಜೆಟ್ ಕಿಟ್: ಒಡಲು ಮುಚ್ಚುವ ಮುಂಚೆ

ನಾನು ಮೊದಲು ಕಟ್ಟಿದ ಪ್ಲಾಸ್ಟಿಕ್ ಮಾದರಿ ವಿಮಾನ, ಸೋವಿಯತ್ ಯುದ್ಧ ಜೆಟ್ ಮಿಗ್-15, ಇವತ್ತಿಗೂ ಕಪಾಟಿನಲ್ಲಿ ಬಾಲ ಊರಿಕೊಂಡು, ಮೂಗು ಮೇಲೆತ್ತಿ ಕೂತಿದೆ. ಬಿಸ್ಕತ್ತಿಗೆ ಕಾಯುವ ನಾಯಿಯ ಹಾಗೆ. ಬಣ್ಣ ಚೆನ್ನಾಗಿಯೇ ಬಂದಿತ್ತು. ಕೆಂಪು ನಕ್ಷತ್ರಗಳೂ ನೇರವಾಗಿ ಕೂತಿದ್ದವು. ಚಕ್ರಗಳ ಅಂಟು ಒಣಗಿದ ಮೇಲೆ ಮೇಜಿನ ಮೇಲಿಟ್ಟು ಕೈ ತೆಗೆದೆ. ಟಕ್ ಅಂತ ಹಿಂದಕ್ಕೆ ಬಿತ್ತು. ಮೂಗಿನೊಳಗೆ ತೂಕ ಹಾಕಬೇಕಿತ್ತು, ಮರೆತಿದ್ದೆ. ಒಡಲು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿದ ಮೇಲೆ ಒಳಗೆ ಕೈ ಹಾಕುವುದು ಹೇಗೆ?

ಅದಾದ ಮೇಲೆ ಹಳೇ ಜೆಟ್ ಕಿಟ್‌ಗಳನ್ನು ಸುಮಾರು ಕಟ್ಟಿದ್ದೇನೆ. ಹಳೇ ಅಂದರೆ 1950ರಿಂದ 70ರ ದಶಕದ ತನಕ ಅಚ್ಚಾದವು: ಏರ್‌ಫಿಕ್ಸ್, ಫ್ರಾಗ್, ರೆವೆಲ್, ಔರೋರಾ, ಲಿಂಡ್‌ಬರ್ಗ್ ಕಂಪನಿಗಳವು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಒಡಲಿನ ಎರಡು ಹೋಳು ಸೇರಿಸುವ ಮುಂಚೆಯೇ ಮುಗಿದಿರಬೇಕು. ಆಮೇಲಿನದ್ದು ಬಣ್ಣ, ತಾಳ್ಮೆ, ಅಷ್ಟೇ.

ಮೊದಲು ಕಿಟ್ ಆರಿಸಿಕೊಳ್ಳುವ ಮಾತು. ಡಬ್ಬಿಯ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ಒಂದೇ ಅಚ್ಚು ಬೇರೆ ಬೇರೆ ಡಬ್ಬಿಗಳಲ್ಲಿ ತಿರುಗಾಡಿದೆ. ಫ್ರಾಗ್ ಕಂಪನಿ 70ರ ದಶಕದಲ್ಲಿ ಮುಚ್ಚಿದಾಗ ಅದರ ಬಹಳಷ್ಟು ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋದವು, ನೋವೋ ಹೆಸರಿನಲ್ಲಿ ಮತ್ತೆ ಮಾರಾಟವಾದವು. ಜರ್ಮನಿ, ಜಪಾನ್ ವಿಮಾನಗಳು ಮಾತ್ರ ಅವರಿಗೆ ಬೇಡವಾಗಿದ್ದವು, ಅವು ರೆವೆಲ್‌ಗೆ ಹೋದವು. ನನ್ನ ಬಳಿ ಇರುವ ಸೂಪರ್‌ಮರೀನ್ ಅಟ್ಯಾಕರ್ (ಬ್ರಿಟಿಷ್ ಜೆಟ್) ನೋವೋ ಡಬ್ಬಿಯದ್ದು, ಒಳಗಿರುವುದು ಫ್ರಾಗ್‌ನದೇ ಪ್ಲಾಸ್ಟಿಕ್. ಕಟ್ಟುವುದಕ್ಕೆ ಆದರೆ ಡಬ್ಬಿ ಹರಿದ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಹಾಳಾದ, ಯಾರೋ ಅರ್ಧ ಶುರು ಮಾಡಿ ಬಿಟ್ಟ ಕಿಟ್ ತೊಗೊಳ್ಳಿ. ಸೀಲ್ ಒಡೆಯದ ಅಪರೂಪದ ಡಬ್ಬಿಯನ್ನು ಅದನ್ನು ಕೂಡಿಡುವವರಿಗೇ ಬಿಡಿ. ಕತ್ತರಿ ಹಾಕುವಾಗ ಕೈ ನಡುಗಿದರೆ ಕಟ್ಟುವುದರಲ್ಲಿ ಮಜಾನೇ ಇರುವುದಿಲ್ಲ.

ಮನೆಗೆ ತಂದ ಮೇಲೆ ಅಳತೆ ಕೋಲು ಹಿಡಿಯಿರಿ. ಹಳೇ ಕಿಟ್‌ಗಳಲ್ಲಿ ಕೆಲವು ಡಬ್ಬಿಯ ಗಾತ್ರಕ್ಕೆ ತಕ್ಕಂತೆ ಮಾಡಿದವು, ಅವುಗಳ ಸ್ಕೇಲ್, ಅಂದರೆ ನಿಜವಾದ ವಿಮಾನದ ಎಷ್ಟನೇ ಒಂದು ಪಾಲು ಅನ್ನುವುದು, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮಿಗ್-15ರ ರೆಕ್ಕೆಯ ಅಗಲ 10.08 ಮೀಟರ್. 72ರಿಂದ ಭಾಗಿಸಿದರೆ 140 ಮಿಲಿಮೀಟರ್. ನಿಮ್ಮ ಕಿಟ್‌ನ ರೆಕ್ಕೆ ತುದಿಯಿಂದ ತುದಿಗೆ 140ರ ಹತ್ತಿರ ಬಂದರೆ ಅದು 1/72. ಬರದಿದ್ದರೂ ಬೇಸರ ಬೇಡ. ಆದರೆ ಬೇರೆ ಕಡೆಯಿಂದ ಡೆಕಾಲ್ ತರಿಸುವ ಮುಂಚೆ ಇದು ಗೊತ್ತಿರಬೇಕು.

ಭಾಗಗಳನ್ನು ಸ್ಪ್ರೂ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಸಮೇತ ಉಗುರುಬೆಚ್ಚಗಿನ ನೀರಿನಲ್ಲಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ. ಅಚ್ಚಿನ ಎಣ್ಣೆ, ಐವತ್ತು ವರ್ಷದ ಧೂಳು, ಎರಡೂ ಬಣ್ಣಕ್ಕೆ ಶತ್ರು. ಸೊಟ್ಟಗಾದ ರೆಕ್ಕೆಯನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಆ ಬಿಸಿಗೆ ಮೆತ್ತಗಾಗಿಬಿಡುತ್ತದೆ. ಹಳೇ ಪ್ಲಾಸ್ಟಿಕ್ ಕೆಲವೊಮ್ಮೆ ಪೆಡಸಾಗಿರುತ್ತದೆ. ಹಾಗಾಗಿ ಭಾಗಗಳನ್ನು ಸ್ಪ್ರೂನಿಂದ ತಿರುಚಿ ಕೀಳಬೇಡಿ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಲ್ಲಿ ಕೆತ್ತಿ ತೆಗೆಯಿರಿ. ಅಂಚುಗಳಲ್ಲಿ ಹಪ್ಪಳದ ಹಾಗೆ ಹೊರಗೆ ಚಾಚಿದ ತೆಳು ಪ್ಲಾಸ್ಟಿಕ್, ಅಂದರೆ ಫ್ಲ್ಯಾಶ್, ಇರುತ್ತದೆ. ಅದನ್ನು ಕೊಯ್ಯಬೇಡಿ, ಬ್ಲೇಡನ್ನು ನೆಟ್ಟಗೆ ಹಿಡಿದು ಹೆರೆಯಿರಿ.

ಈಗ ಅಂಟಿಲ್ಲದೆ ಜೋಡಿಸಿ. ಟೇಪು ಹಚ್ಚಿ ಒಡಲು, ರೆಕ್ಕೆ, ಬಾಲ ಎಲ್ಲ ಒಟ್ಟು ಸೇರಿಸಿ ನೋಡಿ. ಇದನ್ನು ಬೇಸರವಿಲ್ಲದೆ ನಾಲ್ಕೈದು ಸಲ ಮಾಡಿ. ಎಲ್ಲಿ ಸಂದು ಬಿಡುತ್ತದೆ, ಯಾವ ಗೂಟ ತಪ್ಪು ಜಾಗದಲ್ಲಿದೆ ಅಂತ ಈಗಲೇ ಗೊತ್ತಾಗುತ್ತದೆ. ಗೂಟ ಅಡ್ಡ ಬಂದರೆ ಕತ್ತರಿಸಿ ಎಸೆಯಿರಿ. ಅಂಚುಗಳನ್ನು ಕಣ್ಣಳತೆಯಲ್ಲಿ ಕೂಡಿಸಿದರೆ ಗೂಟಕ್ಕಿಂತ ಚೆನ್ನಾಗಿ ಕೂರುತ್ತವೆ.

ಇನ್ನು ತೂಕ. ಮೊದಮೊದಲ ಜೆಟ್‌ಗಳಲ್ಲಿ ಕೆಲವಕ್ಕೆ ಬಾಲದಲ್ಲೇ ಚಕ್ರ ಇತ್ತು. ಮೆಸರ್‌ಶ್ಮಿಟ್ 262 ಬರೀ ಜೆಟ್ ಎಂಜಿನ್ ಬಲದಿಂದ ಮೊದಲು ಹಾರಿದ್ದು 1942ರ ಜುಲೈ 18ರಂದು. ಆ ಮಾದರಿಗೂ ಬಾಲದ ಚಕ್ರವೇ ಇತ್ತು. ಪ್ರೊಪೆಲರ್ ಇದ್ದರೆ ಅದರ ಗಾಳಿ ಬಾಲಕ್ಕೆ ಬಡಿದು ಬಾಲ ಮೇಲೇಳುತ್ತದೆ. ಇಲ್ಲಿ ಆ ಗಾಳಿಯೇ ಇಲ್ಲ. ವಿಮಾನ ಓಡುತ್ತಿರುವಾಗ ಪೈಲಟ್ ಬ್ರೇಕನ್ನು ಸ್ವಲ್ಪ ಒತ್ತಿ ಬಾಲ ಎತ್ತಬೇಕಾಯಿತು. ಆಮೇಲೆ ಮೂಗಿಗೇ ಚಕ್ರ ಬಂತು. ಬಾಲದ ಚಕ್ರ ಉಳಿಸಿಕೊಂಡ ಅಟ್ಯಾಕರ್, ಯಾಕ್-15 ಥರದವಕ್ಕೆ ತೂಕದ ಚಿಂತೆ ಇಲ್ಲ. ಹೊಸಬರು ಅವುಗಳಿಂದ ಶುರು ಮಾಡಿದರೂ ಆಯಿತು. ಮಿಗ್-15, ಸೇಬರ್, ಮೀಟಿಯರ್, ವ್ಯಾಂಪೈರ್, 262 ಎಲ್ಲಕ್ಕೂ ಮೂಗಿನಲ್ಲಿ ಚಕ್ರ, ಹಾಗಾಗಿ ಮೂಗಿನಲ್ಲಿ ಭಾರ ಬೇಕು.

ಎಷ್ಟು ಭಾರ ಅಂತ ಊಹಿಸಬೇಡಿ. ಟೇಪಿನಲ್ಲಿ ಜೋಡಿಸಿದ ವಿಮಾನವನ್ನು ಒಂದು ಪೆನ್ಸಿಲ್ ಮೇಲಿಡಿ. ಮುಖ್ಯ ಚಕ್ರಗಳು ಬರುವ ಜಾಗದ ಕೆಳಗೇ ಸರಿಯಾಗಿ ಪೆನ್ಸಿಲ್ ಇರಲಿ. ಮೂಗಿನ ಮೇಲೆ ಮಕ್ಕಳ ಆಟದ ಜೇಡಿಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಅಂಟಿಸುತ್ತಾ ಹೋಗಿ. ಮೂಗು ಕೆಳಗೆ ಬಾಗಿದ ತಕ್ಷಣ ಆ ಮಣ್ಣನ್ನು ತೂಗಿ. ನನ್ನ ಎರಡನೇ ಮಿಗ್‌ಗೆ 5 ಗ್ರಾಂ ಸಾಕಾಯಿತು, ನಾನು 7 ಹಾಕಿದೆ. ಬಣ್ಣ, ಪುಟ್ಟಿ, ಬಾಲದ ಸಣ್ಣಪುಟ್ಟ ಭಾಗ ಎಲ್ಲ ಸೇರಿ ಹಿಂದಿನ ಭಾರ ಜಾಸ್ತಿ ಆಗುತ್ತದೆ, ಅದಕ್ಕೆ. ತೂಕ ಎಷ್ಟು ಮುಂದಿರುತ್ತದೋ ಅಷ್ಟು ಕಡಿಮೆ ಸಾಕು. ಏತದ ಲೆಕ್ಕ ಇದು, ಬೇರೆ ಏನೂ ಅಲ್ಲ.

ಮಿಗ್‌ನಲ್ಲಿ ಒಂದು ತೊಡಕಿದೆ. ಅದರ ಮೂಗೇ ಗಾಳಿ ಒಳಗೆ ಹೋಗುವ ಬಾಯಿ. ಮುಂದಿನಿಂದ ನೋಡಿದರೆ ತೂಕಕ್ಕೆ ಹಾಕಿದ ಸೀಸದ ಗುಂಡುಗಳು ಹಲ್ಲಿನ ಹಾಗೆ ಕಾಣುತ್ತವೆ. ನಿಜವಾದ ವಿಮಾನದಲ್ಲಿ ಆ ಬಾಯಿಯನ್ನು ನಡುವೆ ಒಂದು ಗೋಡೆ ಸೀಳುತ್ತದೆ, ಗಾಳಿ ಕಾಕ್‌ಪಿಟ್‌ನ ಎರಡೂ ಪಕ್ಕದಿಂದ ಹಿಂದಕ್ಕೆ ಹೋಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಆ ನಡುಗೋಡೆ ಮಾಡಿ, ಅದರ ಹಿಂದೆ ಕಪ್ಪು ಬಣ್ಣದ ಅಡ್ಡ ಹಾಳೆ ಕೂರಿಸಿ. ತೂಕ ಆ ಅಡ್ಡ ಹಾಳೆಯ ಹಿಂದೆ, ಕಾಕ್‌ಪಿಟ್ ನೆಲದ ಕೆಳಗೆ ಹೋಗಲಿ. ಬಾಲದ ಕಡೆಯೂ ಹೀಗೇ. ಹಳೇ ಕಿಟ್‌ಗಳಲ್ಲಿ ಹೊಗೆ ಹೊರಬರುವ ಕೊಳವೆ ಬರೀ ಎರಡು ಮಿಲಿಮೀಟರ್ ಆಳದ ತಟ್ಟೆ ಆಗಿರುವುದು ಉಂಟು. ಅದನ್ನು ಕೊರೆದು ತೆಗೆದು, ಜ್ಯೂಸ್ ಕುಡಿಯುವ ಸ್ಟ್ರಾ ತುಂಡು ಕೂರಿಸಿದರೆ ಆಳ ಬರುತ್ತದೆ.

ಸೀಸವನ್ನು ಯಾವುದರಿಂದ ಅಂಟಿಸುತ್ತೀರಿ ಅನ್ನುವುದೂ ಮುಖ್ಯ. ನನ್ನ ವ್ಯಾಂಪೈರ್‌ನಲ್ಲಿ ಗುಂಡುಗಳನ್ನು ಬಿಳಿ ಅಂಟಿನಲ್ಲಿ, ಮರಕ್ಕೆ ಹಚ್ಚುವ ಅಂಟಿನಲ್ಲಿ ಅದ್ದಿ ತುಂಬಿದ್ದೆ. ಮೂರು ವರ್ಷ ಏನೂ ಆಗಲಿಲ್ಲ. ಒಂದು ದಿನ ಧೂಳು ಒರೆಸುವಾಗ ಮೂಗಿನ ಕೆಳಗಿನ ಜೋಡಣೆ ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದು ಕಂಡಿತು. ನಾನೇ ಸರಿಯಾಗಿ ಅಂಟಿಸಿಲ್ಲ ಅಂದುಕೊಂಡು ಮತ್ತೆ ಅಂಟು ಬಿಟ್ಟೆ. ಕೆಲವು ತಿಂಗಳಲ್ಲಿ ಇನ್ನೂ ಅಗಲವಾಯಿತು, ಒಳಗಿನಿಂದ ಬಿಳಿ ಪುಡಿ ಉದುರಿತು. ಆ ಅಂಟಿನಿಂದ ಹೊರಡುವ ಆಮ್ಲ ಮುಚ್ಚಿದ ಜಾಗದಲ್ಲಿ ಸೀಸವನ್ನು ತಿನ್ನುತ್ತದೆ. ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ಉಬ್ಬಿ ಒಡಲನ್ನೇ ಸೀಳುತ್ತದೆ. ಎಪಾಕ್ಸಿ ಬಳಸಿ, ಇಲ್ಲವೇ ಸೂಪರ್ ಗ್ಲೂ. ಸೀಸದ ಬದಲು ಸಣ್ಣ ಸ್ಟೀಲ್ ನಟ್ಟುಗಳಾದರೆ ಇನ್ನೂ ಒಳ್ಳೆಯದು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಏನೂ ತಿನ್ನಬೇಡಿ.

ಒಡಲು ಮುಚ್ಚುವುದಕ್ಕೆ ತೆಳು ದ್ರವದ ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ಅಂಟು, ಚೆನ್ನ. ಎರಡು ಹೋಳುಗಳನ್ನು ಒತ್ತಿ ಹಿಡಿದು, ಸಂದಿಗೆ ಬ್ರಷ್ ತುದಿ ತಾಗಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಸಂದು ತಾನೇ ಎಳೆದುಕೊಳ್ಳುತ್ತದೆ. ಒಂದೆರಡು ಸೆಂಟಿಮೀಟರ್ ಮಾಡಿ, ಸ್ವಲ್ಪ ತಡೆದು ಹಿಂಡಿ. ಕರಗಿದ ಪ್ಲಾಸ್ಟಿಕ್ ಸಣ್ಣ ದಾರದ ಹಾಗೆ ಹೊರಗೆ ಉಕ್ಕಬೇಕು. ಅದೇ ನಿಮ್ಮ ಪುಟ್ಟಿ. ಎರಡು ದಿನ ಮುಟ್ಟಬೇಡಿ, ಆಮೇಲೆ ಉಜ್ಜಿ. ಆತುರಕ್ಕೆ ಬಿದ್ದು ಅದೇ ಸಂಜೆ ಉಜ್ಜಿದರೆ ಪ್ಲಾಸ್ಟಿಕ್ ಕುಗ್ಗಿ ಅಲ್ಲೊಂದು ಕಾಲುವೆ ಬೀಳುತ್ತದೆ. ಕಿಟಕಿ ತೆಗೆದಿಟ್ಟೇ ಕೆಲಸ ಮಾಡಿ, ಆ ವಾಸನೆ ತಲೆಗೆ ಹತ್ತುತ್ತದೆ.

ಉಜ್ಜುವಾಗ ಹಳೇ ಕಿಟ್‌ಗಳ ದೊಡ್ಡ ಜಗಳ ಎದುರಾಗುತ್ತದೆ: ಉಬ್ಬು ರಿವೆಟ್ (ತಗಡು ಹಿಡಿದಿಡುವ ಮೊಳೆ), ತಗಡಿನ ಸಂದು ತೋರಿಸುವ ಉಬ್ಬು ಗೆರೆ. ಈಗಿನ ಕಿಟ್‌ಗಳಲ್ಲಿ ಗೆರೆಗಳು ಒಳಗೆ ಕೊರೆದಿರುತ್ತವೆ, ಆಗ ಮೇಲೆ ಎದ್ದಿರುತ್ತಿದ್ದವು. ಕೆಲವರು ಎಲ್ಲವನ್ನೂ ಉಜ್ಜಿ ತೆಗೆದು ಹೊಸದಾಗಿ ಗೆರೆ ಕೊರೆಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಹೊಸ ಕಿಟ್ ಬೇಕಿದ್ದರೆ ಹೊಸದನ್ನೇ ತರಬಹುದಲ್ವಾ? ನನಗೆ ಆ ರಿವೆಟ್ ಇಷ್ಟ. ಆದರೆ ಸುಮ್ನೆ ಎಲ್ಲ ಕಡೆ ಉಳಿಸುವುದೂ ತಪ್ಪು. ವ್ಯಾಂಪೈರ್‌ನ ಮುಂದಿನ ಒಡಲು ಲೋಹದ್ದಲ್ಲ, ಬಾಲ್ಸಾ ಮತ್ತು ಪ್ಲೈವುಡ್‌ನದು. ಅಲ್ಲಿ ರಿವೆಟ್ ಸಾಲು ಇದ್ದರೆ ಅದು ಶುದ್ಧ ಸುಳ್ಳು, ಪೂರ್ತಿ ನುಣ್ಣಗೆ ಮಾಡಿ. ರೆಕ್ಕೆಯಿಂದ ಹಿಂದಕ್ಕೆ ಚಾಚಿ ಬಾಲ ಹೊರುವ ಎರಡು ಬಾಲಗಂಬಗಳು ಲೋಹದವು, ಅಲ್ಲಿರಲಿ. ಮೆಸರ್‌ಶ್ಮಿಟ್ 262ರ ತಗಡಿನ ಸಂದುಗಳಿಗೆ ಕಾರ್ಖಾನೆಯಲ್ಲೇ ಪುಟ್ಟಿ ಬಳಿಯುತ್ತಿದ್ದರು. ಅಲ್ಲೂ ಗೆರೆ ಕಡಿಮೆ ಇದ್ದಷ್ಟೂ ನಿಜಕ್ಕೆ ಹತ್ತಿರ.

ಜೋಡಣೆ ಉಜ್ಜುವಾಗ ಅಳಿಸಿಹೋದ ಉಬ್ಬು ಗೆರೆಯನ್ನು ಮತ್ತೆ ತರಬಹುದು. ಖಾಲಿ ಸ್ಪ್ರೂ ತುಂಡನ್ನು ಮೇಣದಬತ್ತಿಯ ಜ್ವಾಲೆಗಿಂತ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಿರಿ. ಹೊಳಪು ಬಂದು ಬಾಗಲು ಶುರುವಾದಾಗ ಪಕ್ಕಕ್ಕೆ ತಂದು ನಿಧಾನಕ್ಕೆ ಎಳೆಯಿರಿ. ಕೂದಲಿನಂಥ ಎಳೆ ಬರುತ್ತದೆ. ಅದನ್ನು ಗೆರೆಯ ಜಾಗದಲ್ಲಿಟ್ಟು ಸಿಮೆಂಟ್ ತಾಗಿಸಿ, ಒಣಗಿದ ಮೇಲೆ ಹಗುರವಾಗಿ ಉಜ್ಜಿದರೆ ಉಳಿದ ಗೆರೆಗಳೊಂದಿಗೆ ಬೆರೆತುಹೋಗುತ್ತದೆ. ಮೇಣದಬತ್ತಿ ಉರಿಯುವಾಗ ಸಿಮೆಂಟ್ ಬಾಟಲಿ ಬೇರೆ ಕೋಣೆಯಲ್ಲಿರಲಿ.

ವ್ಯಾಂಪೈರ್ ಕಟ್ಟುವವರಿಗೆ ಇನ್ನೊಂದು ಮಾತು. ಎರಡು ಬಾಲಗಂಬಗಳು ಮತ್ತು ಅವುಗಳ ನಡುವಿನ ಅಡ್ಡ ರೆಕ್ಕೆ, ಮೂರನ್ನೂ ಒಂದೇ ಕೂತಲ್ಲಿ ಅಂಟಿಸಿ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಅಡ್ಡ ರೆಕ್ಕೆ ಮುಖ್ಯ ರೆಕ್ಕೆಗೆ ಸಮಾನಾಂತರವಾಗಿರಬೇಕು. ಒಂದು ಕಂಬ ಮೊದಲು ಒಣಗಿದರೆ ಆಟ ಮುಗಿಯಿತು.

ಬಣ್ಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಈ ಜೆಟ್‌ಗಳಲ್ಲಿ ಬಹಳಷ್ಟು ಬರೀ ಲೋಹದ ಮೈಯವು. ಬೆಳ್ಳಿ ಬಣ್ಣ ಯಾವ ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. 600, 1000, 2000ರ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ವರಸೆಯಾಗಿ ಉಜ್ಜಿ, ಹೊಳೆಯುವ ಕಪ್ಪು ಹಚ್ಚಿ, ಅದರ ಮೇಲೆ ಲೋಹದ ಬಣ್ಣವನ್ನು ತೆಳುವಾಗಿ ಸಿಂಪಡಿಸಿ. ಸೇಬರ್‌ಗೆ ಎಲ್ಲ ತಗಡೂ ಒಂದೇ ಬೆಳ್ಳಿ ಬೇಡ. ಎಂಜಿನ್ ಸುತ್ತಲಿನ ಒಂದೆರಡು ತಗಡನ್ನು ಸ್ವಲ್ಪ ಮಂಕು ಮಾಡಿ.

ಡೆಕಾಲ್‌ಗಳನ್ನು ನಂಬಬೇಡಿ. ಮೊದಲು ಎಲ್ಲಕ್ಕಿಂತ ಬೇಡವಾದ ಒಂದು ಚಿಕ್ಕ ಅಕ್ಷರವನ್ನು ನೀರಿಗೆ ಹಾಕಿ ನೋಡಿ. ಅಟ್ಯಾಕರ್‌ನ ದೊಡ್ಡ ವೃತ್ತದ ಗುರುತನ್ನು ನಾನು ನೇರ ನೀರಿಗೆ ಹಾಕಿದ್ದೆ. ಅರ್ಧ ನಿಮಿಷ ಸುಮ್ಮನಿತ್ತು. ಕಾಗದದಿಂದ ಜಾರಿಸಲು ಬೆರಳು ತಾಗಿಸಿದ್ದೇ ತಡ, ಹತ್ತಿಪ್ಪತ್ತು ಚೂರಾಗಿ ನೀರಿನ ಮೇಲೆ ರಂಗೋಲಿ ಬಿಡಿಸಿತು. ಹಾಳೆಯ ಮೇಲೆ ಮೊದಲೇ ತಿಳಿ ವಾರ್ನಿಷ್ ಸಿಂಪಡಿಸಿ ಒಣಗಿಸಿದ್ದರೆ ಉಳಿಯುತ್ತಿತ್ತು. ವಾರ್ನಿಷ್ ಹಾಕಿದ ಮೇಲೆ ಪ್ರತಿ ಗುರುತನ್ನೂ ಅಂಚಿನ ಸುತ್ತ ಕತ್ತರಿಸಿಕೊಳ್ಳಬೇಕು. ಹಳದಿಗಟ್ಟಿದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಂದೆರಡು ವಾರ ಅಂಟಿಸಿಡಿ. ಹಳದಿ ಬಹಳ ಮಟ್ಟಿಗೆ ಬಿಳುಚಿಕೊಳ್ಳುತ್ತದೆ. ಕೆಲವು ಕಿಟ್‌ಗಳಲ್ಲಿ ಡೆಕಾಲ್ ಎಲ್ಲಿ ಬರಬೇಕು ಅಂತ ರೆಕ್ಕೆಯ ಮೇಲೇ ಉಬ್ಬು ಗೆರೆ ಹಾಕಿರುತ್ತಾರೆ. ಅದನ್ನು ಮಾತ್ರ ಬಣ್ಣಕ್ಕೆ ಮುಂಚೆಯೇ ಉಜ್ಜಿ ತೆಗೆಯಿರಿ, ಅದರ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ.

ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಗೀರಿದ್ದರೆ ಟೂತ್‌ಪೇಸ್ಟ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಸೂಪರ್ ಗ್ಲೂ ಅದರ ಹತ್ತಿರ ಸುಳಿಯಬಾರದು, ಹೊಗೆ ಕೂತು ಮಬ್ಬಾಗುತ್ತದೆ. ಆ ವ್ಯಾಂಪೈರನ್ನು ಒಡೆದ ಬಿಳಿ ಅಂಟು ಇಲ್ಲಿ ಮಾತ್ರ ದೇವರು. ಒಣಗಿದರೆ ತಿಳಿಯಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ರೆಕ್ಕೆಯಿಂದ ಮುಂದಕ್ಕೆ ಚಾಚುವ, ವೇಗ ಅಳೆಯುವ ಪಿಟೋ ಕೊಳವೆಯನ್ನು ಎಲ್ಲ ಮುಗಿದ ಮೇಲೆ ಕೊನೆಗೆ ಹಚ್ಚಿ. ಕಿಟ್‌ನಲ್ಲಿ ಬಂದದ್ದು ದಪ್ಪಗಿರುತ್ತದೆ, ಮುರಿದೂ ಹೋಗುತ್ತದೆ. ನನ್ನ ಎರಡನೇ ಮಿಗ್‌ನದು ಎರಡು ಸಲ ಮುರಿಯಿತು. ಮೂರನೇ ಸಲ ಹೊಲಿಗೆ ಸೂಜಿಯ ತುದಿ ಕತ್ತರಿಸಿ ಕೂರಿಸಿದೆ. ಅದು ಮುರಿದಿಲ್ಲ. ಧೂಳು ಒರೆಸುವಾಗಲೆಲ್ಲ ಬೆರಳಿಗೆ ಚುಚ್ಚುತ್ತದೆ.