ಮಾಳಿಗೆಯಿಂದ ಇಳಿದ ಐದು ಟನ್ ಮಣ್ಣು

ಆಳಂದ ತಾಲ್ಲೂಕಿನ ನಮ್ಮ ಮನೆಯ ಗೋಡೆ ಎರಡೂವರೆ ಅಡಿ ದಪ್ಪ. ಬಂದವರ ಮುಂದೆ ಅಪ್ಪ ಅದನ್ನು ತಟ್ಟಿ, 'ಕೋಟೆ ಇದು' ಎನ್ನುತ್ತಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತದ್ದು ಹೆಚ್ಚಾಗಿ ಇಂಥ ಕೋಟೆಗಳ ಅಡಿಯಲ್ಲೇ. ಆದರೂ ದಪ್ಪ ಗೋಡೆಯ ಮೇಲಿನ ನಂಬಿಕೆ ನಮಗೆ ಹೋಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ಕಡೆಯ ಗಡಿಕೇಶ್ವಾರದಲ್ಲಿ ನೆಲ ನಡುಗಿ ಜನ ಬಯಲಲ್ಲಿ ಮಲಗಿದ ಸುದ್ದಿ ಓದಿದ ಮೇಲೆ ಎಂಜಿನಿಯರ್ ಒಬ್ಬರನ್ನು ಕರೆಸಿದೆ.

ಅವರು ಗೋಡೆ ಬಿಟ್ಟು ಮೊದಲು ಮಾಳಿಗೆ, ಅಂದರೆ ಮಣ್ಣಿನ ಛಾವಣಿ, ಹತ್ತಿದರು. ಸೋರಿದಾಗಲೆಲ್ಲ ಒಂದು ಪದರ ಮಣ್ಣು ಹಾಕುವುದು ನಮ್ಮ ರೂಢಿ. ಹಳೆಯದನ್ನು ಯಾರೂ ಇಳಿಸಿರಲಿಲ್ಲ. ಸಲಿಕೆ ಕೊಯ್ದ ಕಡೆ ಪದರಗಳು ಎಣಿಸುವಂತಿದ್ದವು. ನಡುವೆ ಕೊಳೆತ ಹುಲ್ಲಿನ ಬೇರು, ಒಂದು ಕಡೆ ಬಳೆ ಚೂರು. ಒಟ್ಟು 20 ಅಂಗುಲ! ಎಲ್ಲ ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 8 ಅಂಗುಲವಷ್ಟೇ ಮರಳಿ ಹಾಕಿದೆವು. 10x12 ಅಡಿಯ ಒಂದೇ ಕೋಣೆಯ ತಲೆಯಿಂದ ಐದು ಟನ್‌ಗೂ ಹೆಚ್ಚು ಭಾರ ಇಳಿಯಿತು.

ಗೋಡೆಯ ಗುಟ್ಟು ಬೇರೆ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಹಿಡಿದಿಡುವ ಉದ್ದಗಲ್ಲು ಒಂದೂ ಇರಲಿಲ್ಲ. ನೆಲ ಅಲುಗಿದರೆ ಸಾಲುಗಳು ಒಂದನ್ನೊಂದು ಬಿಟ್ಟು, ಉಬ್ಬಿ ಉದುರುತ್ತವೆ.

'ಗಟ್ಟಿ ಮಾಡಲು ಗೋಡೆಗೆ ತೂತು ಹಾಕಬೇಕೇನ್ರೀ?' ಎಂದು ಗೌಂಡಿ ನಕ್ಕ. ತೊಲೆಗಳಿಗೆ ಆಸರೆ ಕೊಟ್ಟು, ಸುತ್ತಿಗೆ ಬಾರಿಸದೆ, ಸಣ್ಣ ಸರಳಿನಿಂದ ಮೀಟಿ ಒಂದೊಂದೇ ಕಲ್ಲು ತೆಗೆದೆವು. ಆರಪಾರ ಕಿಂಡಿಯಲ್ಲಿ ಎರಡೂ ತುದಿ ಬಾಗಿಸಿದ 8 ಮಿ.ಮೀ. ಸರಳಿಟ್ಟು ಕಾಂಕ್ರೀಟ್ ತುಂಬಿದೆವು. ಸುಮಾರು ಮೂರಡಿಗೊಂದು, ಒಂದರ ನೇರಕ್ಕೆ ಇನ್ನೊಂದು ಬಾರದಂತೆ. ಒಂದು ದಿನ ಅವಸರಪಟ್ಟು ಅಕ್ಕಪಕ್ಕ ಎರಡು ಕಿಂಡಿ ತೆಗೆದದ್ದು ನನ್ನ ತಪ್ಪು. ಮೇಲಿನಿಂದ ಬುಟ್ಟಿಯಷ್ಟು ಕಲ್ಲು ಜಾರಿತು. ಕಂಬ-ತೊಲೆ ಕೂಡುವಲ್ಲಿ ಓರೆ ಪಟ್ಟಿ ಬಡಿದದ್ದು, ಮಾಳಿಗೆಯ ಕೆಳಗೆ ಗೋಡೆಯ ಸುತ್ತಲೂ ತಂತಿ ಜಾಲರಿ ಬಿಗಿದು ಸಿಮೆಂಟ್ ಬಳಿದದ್ದು ಸುಲಭದ ಕೆಲಸ.

ಪಕ್ಕದ ಮನೆಯವರು ಇಂಥದೇ ಕಲ್ಲು-ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿ ನಿಶ್ಚಿಂತೆಯಿಂದಿದ್ದಾರೆ. ಹೇಳಿ ನೋಡಿದೆ, ಕೇಳಲಿಲ್ಲ. ನಮ್ಮ ಹಿತ್ತಿಲ ಗೋಡೆಯೂ ಹಣ ಸಾಲದೆ ಬಾಕಿ ಉಳಿದಿದೆ. ಅಲ್ಲಿದ್ದ ಅವ್ವನ ಮಂಚವನ್ನು ಪಡಸಾಲೆಗೆ ತಂದು, ಅದರ ಜಾಗದಲ್ಲಿ ಜೋಳದ ಚೀಲಗಳನ್ನು ಒಟ್ಟಿದ್ದೇನೆ.