ಎರಡನೇ ಶನಿವಾರ ಅವಳಮ್ಮ ಬರುತ್ತಾರೆ

2019ರಲ್ಲಿ ಫಾಸ್ಟರ್ ಕೇರ್, ಅಂದರೆ ಬೇರೆಯವರ ಮಗುವನ್ನು ಸ್ವಲ್ಪ ಕಾಲ ನಮ್ಮ ಮನೆಯಲ್ಲಿಟ್ಟು ಸಾಕುವುದರ ಬಗ್ಗೆ ಕೇಳಲು ಹೋದಾಗ, ಕಚೇರಿಯಲ್ಲಿ ಮೊದಲು ಬಂದ ಪ್ರಶ್ನೆ, "ನಿಮ್ಮ ಯಜಮಾನ್ರು ಬಂದಿಲ್ವಾ?" ನನಗೆ ಮದುವೆಯಾಗಿಲ್ಲ. ಆಗಿನ ಮಾರ್ಗಸೂಚಿಯಲ್ಲಿ ಗಂಡ-ಹೆಂಡತಿಗೆ ಮಾತ್ರ ಅವಕಾಶವಿತ್ತು. ಸುಮ್ನೆ ವಾಪಸ್ ಬಂದೆ.

2024ರಲ್ಲಿ ಮಾರ್ಗಸೂಚಿ ಬದಲಾಯಿತು. ಮದುವೆಯಾಗದವರು, ವಿಧವೆಯರು, ವಿಚ್ಛೇದನ ಪಡೆದವರೂ ಮಗು ಸಾಕಬಹುದು ಎಂದಾಯಿತು. ಒಂಟಿ ಗಂಡಸರಿಗೆ ಗಂಡುಮಗು ಮಾತ್ರ. ಮತ್ತೆ ಅರ್ಜಿ ಹಾಕಿದೆ. ಪೊಲೀಸ್ ಪರಿಶೀಲನೆ, ಆರೋಗ್ಯ ಪ್ರಮಾಣಪತ್ರ, ಮನೆ ನೋಡಲು ಬಂದವರ ನೂರೆಂಟು ಪ್ರಶ್ನೆ. ಎಲ್ಲಾ ಮುಗಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂತು. ಒಂಬತ್ತು ವರ್ಷದ ಹುಡುಗಿ, ಒಂದು ಬ್ಯಾಗು, ಎರಡು ಜೊತೆ ಬಟ್ಟೆ.

ಅರ್ಜಿಗಿಂತ ಕಷ್ಟವಾಗಿದ್ದು ಆಮೇಲಿನದು. ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಸಾಕುವ ಮನೆಯನ್ನು ಸಮಿತಿ ಪ್ರತಿ ತಿಂಗಳೂ ಬಂದು ನೋಡಬೇಕು. ಮೊದಲ ಸಲ ಮನೆ ತೊಳೆದು ಕೇಸರಿಬಾತ್ ಮಾಡಿಟ್ಟಿದ್ದೆ. ಬಂದವರು ನನ್ನನ್ನು ಹೊರಗೆ ಕೂರಿಸಿ ಮಗುವಿನ ಜೊತೆ ಮಾತಾಡಿದರು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ದೂರು ಒಂದೇ: "ಆಂಟಿ ಜಡೆ ತುಂಬಾ ಬಿಗಿ ಹಾಕ್ತಾರೆ."

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಸಮಿತಿ ಬೇಡ ಅನ್ನದಿದ್ದರೆ ಹೆತ್ತವರು ಬಂದು ಮಗುವನ್ನು ನೋಡಬಹುದು. ಅವರು ನೋಡಿಕೊಳ್ಳುವ ಸ್ಥಿತಿಗೆ ಬಂದರು ಎಂದು ಸಮಿತಿಗೆ ಅನ್ನಿಸಿದರೆ ಮಗು ವಾಪಸ್ ಹೋಗಬಹುದು. ಓದುವಾಗ ಸರಿ ಅನ್ನಿಸಿತ್ತು. ಆದರೆ ಎರಡನೇ ಶನಿವಾರ ಅವಳಮ್ಮ ಕಡ್ಲೆ ಮಿಠಾಯಿ ಹಿಡಿದು ಬಾಗಿಲಲ್ಲಿ ನಿಂತಾಗ, ಇಡೀ ವಾರ ನನ್ನ ಪಕ್ಕ ಮಲಗಿದ ಹುಡುಗಿ ಓಡಿಹೋಗಿ ಅವರ ಸೊಂಟ ತಬ್ಬಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಬೇಕಿಲ್ಲದಿದ್ದರೂ ಹಾಲು ಕಾಯಿಸಿದೆ.

ಎದುರು ಮನೆಯವರು, "ಎರಡು ವರ್ಷ ಆದ್ರೆ ದತ್ತು ತಗೋಬಹುದಂತಲ್ಲ" ಅನ್ನುತ್ತಾರೆ. ಅರ್ಧ ಸತ್ಯ. ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು. ಆದರೆ ಅದು ದತ್ತು ಕೊಡಬಹುದು ಎಂದು ಕಾನೂನು ಪ್ರಕಾರ ಘೋಷಿಸಿದ ಮಗುವಿಗೆ ಮಾತ್ರ. ಇವಳಿಗೆ ಅಮ್ಮ ಇದ್ದಾರೆ. ಕಾಯಿಲೆ ಬಿದ್ದಿದ್ದರು, ಅಷ್ಟೇ. ಮಗುವನ್ನು ಬಿಟ್ಟವರಲ್ಲ.

ಈಗ ಗುಣವಾಗಿದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದಾರೆ. ಹೋದ ಶನಿವಾರ ಹಿಂಜರಿಯುತ್ತಲೇ ಕೇಳಿದರು: "ಅಕ್ಕಾ, ಈ ಕಡೆ ಎಲ್ಲಾದ್ರೂ ಒಂದು ರೂಮ್ ಬಾಡಿಗೆಗೆ ಇದೆಯಾ? ಅವಳ ಸ್ಕೂಲು ಬದಲಾಯಿಸೋದು ಬೇಡ."

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಖಾಲಿ ಇದೆ. ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳ್ತಿದ್ದಾರೆ. ನಾಳೆ ಓನರ್ ಹತ್ತಿರ ನಾನೇ ಮಾತಾಡಬೇಕು.