ಟ್ಯಾಂಕ್ ದಿಢೀರ್ ಬದಲಾಯಿತೇ? ಕಡಲ ಮೀನುಗಳನ್ನು ಮತ್ತೆ ತರುವ ಕ್ರಮ ಹೀಗಿರಲಿ

ಗಾಜಿನ ಜೋಡಣೆ ಬಿಟ್ಟು ನೀರು ಸೋರಲು ಶುರುವಾಯಿತೆಂದರೆ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಯೋಚಿಸಲೂ ಹೊತ್ತಿರುವುದಿಲ್ಲ. ಮೀನು, ಹವಳ, ಕಲ್ಲುಗಳನ್ನು ಕೈಗೆ ಸಿಕ್ಕ ಬಕೆಟ್, ಟಬ್‌ಗಳಿಗೆ ಸಾಗಿಸಿ, ಹೊಸ ಟ್ಯಾಂಕ್ ತಂದು, ನೀರು ತುಂಬಿಸುವಷ್ಟರಲ್ಲಿ ಕೆಲವು ಜೀವಗಳು ಹೋಗಿಬಿಟ್ಟಿರುತ್ತವೆ. ಅರ್ಧ ಖಾಲಿಯಾದ ಟ್ಯಾಂಕ್ ಕಂಡಾಗ ಕಳೆದುಕೊಂಡದ್ದನ್ನೆಲ್ಲ ಒಂದೇ ಸಲ ತಂದು ಬಿಡಬೇಕು ಅನ್ನಿಸುವುದು ಸಹಜ. ದಯವಿಟ್ಟು ತಡೆಯಿರಿ. ಕಲ್ಲು ಹಳೆಯದೇ ಇರಬಹುದು, ಅರ್ಧ ನೀರೂ ಹಳೆಯದೇ ಇರಬಹುದು. ಆದರೂ ನಿಮ್ಮ ಮುಂದಿರುವುದು ಹೊಸ ಟ್ಯಾಂಕ್. ಎಷ್ಟು ಮೀನುಗಳ ಹೊಲಸನ್ನು ಅದು ಅರಗಿಸಿಕೊಳ್ಳಬಲ್ಲದು ಎಂಬುದನ್ನು ಹಳೆಯ ಲೆಕ್ಕ ಹೇಳುವುದಿಲ್ಲ, ಅಳೆದೇ ತಿಳಿಯಬೇಕು.

ಮೊದಲು, ಉಳಿದಿರುವುದೇನು ನೋಡಿ

ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ತೀರಾ ಕಡಿಮೆ. ಅವು ಲೈವ್ ರಾಕ್ (ಜೀವಿಗಳು ನೆಲೆಸಿರುವ ಕಡಲ ಕಲ್ಲು), ಮರಳು, ಫಿಲ್ಟರ್ ಸ್ಪಂಜಿನ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಹಾಗಾಗಿ ಹಳೆಯ ನೀರನ್ನು ಎಷ್ಟೇ ಉಳಿಸಿಕೊಂಡಿದ್ದರೂ ಅದರಿಂದ ಟ್ಯಾಂಕ್ ಪಳಗುವುದಿಲ್ಲ, ಅಂದರೆ ಈ ಬ್ಯಾಕ್ಟೀರಿಯಾ ನೆಲೆಯೂರುವುದಿಲ್ಲ. ಗಲಾಟೆಯ ನಡುವೆ ಕಲ್ಲುಗಳನ್ನು ಉಪ್ಪುನೀರಿನಲ್ಲೇ, ಹೀಟರ್ ಮತ್ತು ನೀರು ಹರಿಸುವ ಪವರ್‌ಹೆಡ್ ಓಡುತ್ತಿದ್ದ ಟಬ್ಬಿನಲ್ಲಿ ಇಟ್ಟಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಬಹಳ ಹೊತ್ತು ಒಣಗಲು ಬಿಟ್ಟಿದ್ದರೆ ಕಲ್ಲಿನೊಳಗಿನ ಸ್ಪಂಜು ಜೀವಿಗಳು, ಹುಳುಗಳು ಸತ್ತು ಕೊಳೆಯುತ್ತಿರುತ್ತವೆ, ಆ ಕಲ್ಲೇ ಅಮೋನಿಯಾ ಬಿಡುತ್ತದೆ. ಕಲ್ಲನ್ನು ಎತ್ತಿ ಮೂಸಿ ನೋಡಿ. ಕಡಲಿನ ವಾಸನೆ ಇದ್ದರೆ ಸರಿ. ಕೊಳೆತ ವಾಸನೆ ಬಂದರೆ ಅದನ್ನು ಬೇರೆ ಟಬ್ಬಿನಲ್ಲಿಟ್ಟು ಹದಕ್ಕೆ ಬರುವವರೆಗೆ ನೀರು ಬದಲಿಸುತ್ತಿರಿ.

ಕಲ್ಲು ಮುಟ್ಟುವಾಗ ಕೈಗವಸು ಇರಲಿ. ಜೋಆಂಥಿಡ್, ಪ್ಯಾಲಿಥೋವಾ ಜಾತಿಯ ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷ ಇರಬಹುದು. ಇಂಥ ಕಲ್ಲನ್ನು ಸ್ವಚ್ಛ ಮಾಡುವ ನೆಪದಲ್ಲಿ ಎಂದಿಗೂ ಕುದಿಸಬೇಡಿ. ಹಬೆಯಲ್ಲಿ ಬಂದ ವಿಷದಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಹಳೆಯ ಮರಳಿನ ಮೇಲೆ ಮೋಹ ಬೇಡ. ವರ್ಷಗಟ್ಟಲೆ ತಳದಲ್ಲಿ ಸೇರಿದ ಕಸ, ಆಮ್ಲಜನಕವಿಲ್ಲದ ಪದರದಲ್ಲಿ ಹುಟ್ಟಿದ ಹೈಡ್ರೋಜನ್ ಸಲ್ಫೈಡ್, ಎಲ್ಲವೂ ಕದಡಿದಾಗ ಹೊರಬರುತ್ತವೆ. ಮೇಲ್ಪದರದ ಒಂದೆರಡು ಹಿಡಿಯನ್ನು ಬೀಜದಂತೆ ಇಟ್ಟುಕೊಂಡು ಉಳಿದದ್ದಕ್ಕೆ ಹೊಸ ಮರಳು ಹಾಕುವುದೇ ಲೇಸು. ಕಲ್ಲು ಜೋಡಿಸಿದ ಮೇಲೆ ಮರಳು ಸುರಿಯಿರಿ, ಮರಳಿನ ಮೇಲೆ ಕಲ್ಲಿಡಬೇಡಿ. ಬುಡ ಕೊರೆಯುವ ಗೋಬಿ ಮೀನು, ಪಿಸ್ತೂಲ್ ಸಿಗಡಿಗಳು ಕಲ್ಲುಗಳನ್ನು ಉರುಳಿಸಿ ಹೊಸ ಗಾಜನ್ನೂ ಸೀಳಿಸಬಲ್ಲವು.

ಅಮೋನಿಯಾ ಪರೀಕ್ಷೆ

ಟ್ಯಾಂಕಿನಲ್ಲಿ ಇನ್ನೂ ಯಾವ ಜೀವಿಯೂ ಇಲ್ಲ, ಉಳಿದವೆಲ್ಲ ಟಬ್ಬಿನಲ್ಲಿವೆ ಅಂದುಕೊಳ್ಳಿ. ಆಗ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುವಷ್ಟು ಹಾಕಿ, 24 ಗಂಟೆ ಬಿಟ್ಟು ಅಳೆಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದಿದ್ದರೆ ಟ್ಯಾಂಕ್ ಸಿದ್ಧ. ಮೀನುಗಳನ್ನು ಆಗಲೇ ಬಿಟ್ಟಾಗಿದ್ದರೆ ಈ ಪ್ರಯೋಗ ಖಂಡಿತ ಬೇಡ. ದಿನಾ ಅಳೆಯಿರಿ, ಸ್ವಲ್ಪವೇ ಮೇವು ಹಾಕಿ, ಅಮೋನಿಯಾ ಕಂಡ ಕೂಡಲೇ ನೀರಿನ ಒಂದು ಪಾಲು ಬದಲಿಸಿ. ಬಾಟಲಿಯ ಬ್ಯಾಕ್ಟೀರಿಯಾ ಹಾಕಿದರೆ ನೆರವಾಗಬಹುದು, ಆದರೆ ಅದನ್ನು ನಂಬಿ ಅಳೆಯುವುದನ್ನು ಬಿಡಬೇಡಿ.

ಇಷ್ಟು ಎಚ್ಚರಿಕೆ ಏಕೆಂದರೆ ಅಮೋನಿಯಾದ ವಿಷ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮೇಲೆ ನಿಂತಿದೆ. ಪಿಎಚ್ ಒಂದು ಅಂಶ ಏರಿದರೆ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಉಪ್ಪುನೀರಿನ ಟ್ಯಾಂಕಿನ ಪಿಎಚ್ ಸಾಮಾನ್ಯವಾಗಿ 8.1ರಿಂದ 8.4. ಸಿಹಿನೀರಿನ ಮೀನು ತಡೆದುಕೊಂಡ ಅಳತೆ ಇಲ್ಲಿ ಕೊಲ್ಲಬಹುದು. ನೈಟ್ರೈಟ್ ವಿಷಯದಲ್ಲಿ ಇದು ತಿರುವುಮುರುವು. ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ನುಗ್ಗದಂತೆ ತಡೆಯುತ್ತದೆ.

ಉಳಿದ ಅಳತೆಗಳು ಸರಳ. ಶಾಖ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.025 ಅಥವಾ 1.026. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಇಳಿದ ಮಟ್ಟವನ್ನು ಶುದ್ಧ ಆರ್‌ಒ ನೀರಿನಿಂದಲೇ ಸರಿಮಾಡಿ.

ಬದುಕುಳಿದವುಗಳಿಗೇ ಮೊದಲ ಹಕ್ಕು

ಟಬ್ಬಿನಲ್ಲಿ ಕಾಯುತ್ತಿರುವ ನಿಮ್ಮ ಹಳೆಯ ಮೀನುಗಳು ಮೊದಲು ಒಳಗೆ ಹೋಗಲಿ. ಆಮೇಲೆ ಕನಿಷ್ಠ ಎರಡು ವಾರ ಹೊಸದೇನೂ ಬೇಡ. ಅವು ಮೇವಿಗೆ ಬರುತ್ತಿವೆಯೇ, ಕಲ್ಲಿಗೆ ಮೈ ಉಜ್ಜುತ್ತಿವೆಯೇ, ಉಸಿರಾಟ ಬಿರುಸಾಗಿದೆಯೇ ಎಂದು ಗಮನಿಸುವುದೇ ಈ ದಿನಗಳ ಕೆಲಸ. ಗಾಬರಿ, ಸ್ಥಳಾಂತರದಿಂದ ಬಸವಳಿದ ಮೀನಿನಲ್ಲಿ ಅಡಗಿದ್ದ ರೋಗ ತಲೆಯೆತ್ತುವುದು ಈ ಹೊತ್ತಿನಲ್ಲೇ.

ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ಮರೀನ್ ಇಚ್ ಇರಬಹುದು. ಕ್ರಿಪ್ಟೊಕ್ಯಾರಿಯಾನ್ ಎಂಬ ಈ ಪರಾವಲಂಬಿ ಕೆಲವು ದಿನ ಮೀನಿನ ಮೈಯಲ್ಲಿದ್ದು ಉದುರಿ, ಕಲ್ಲು ಮರಳಿಗೆ ಅಂಟಿ ಕೋಶ ಕಟ್ಟಿಕೊಂಡು, ಅಲ್ಲಿಂದ ನೂರಾರು ಮರಿಗಳಾಗಿ ಹೊರಟು ಮತ್ತೆ ಮೀನನ್ನು ಹುಡುಕುತ್ತದೆ. ಚುಕ್ಕೆ ಮಾಯವಾದ ಮಾತ್ರಕ್ಕೆ ರೋಗ ಹೋಯಿತು ಅಂದುಕೊಳ್ಳುವವರು ಮೋಸಹೋಗುವುದು ಇಲ್ಲೇ. ಮೀನುಗಳನ್ನೆಲ್ಲ ಬೇರೆಡೆ ಇಟ್ಟು ಚಿಕಿತ್ಸೆ ಕೊಡುತ್ತ, ಮುಖ್ಯ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡುವುದು ಅನುಭವಿಗಳ ರೂಢಿ. ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಹಾಕಲೇಬಾರದು. ಸಿಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ, ಕಲ್ಲು ಹೀರಿಕೊಂಡ ತಾಮ್ರ ಮುಂದೆಯೂ ಕಾಡುತ್ತದೆ.

ಹೊಸ ಮೀನು ಎಷ್ಟೇ ಚುರುಕಾಗಿ ಕಂಡರೂ ನಾಲ್ಕರಿಂದ ಆರು ವಾರ ಕ್ವಾರಂಟೈನ್ ಟ್ಯಾಂಕಿನಲ್ಲಿರಲಿ. ಅದಕ್ಕೆ ಸಣ್ಣ ಗಾಜಿನ ತೊಟ್ಟಿ, ಹೀಟರ್, ಪಳಗಿದ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು ಇದ್ದರೆ ಸಾಕು. ಸೋರುವ ದಿನ ಬಂದರೆ ಮೀನುಗಳಿಗೆ ಆಸರೆಯಾಗುವುದೂ ಇದೇ ತೊಟ್ಟಿ. ಇದಕ್ಕೆ ಜಾಗವಿಲ್ಲ ಎನ್ನುವವರು ಒಂದು ಮೀನು ಕಡಿಮೆ ಸಾಕಿದರೂ ಸರಿ, ಇದನ್ನು ಬಿಡಬೇಡಿ ಎಂಬುದು ನನ್ನ ಗಟ್ಟಿ ಮಾತು.

ಯಾರು ಮೊದಲು, ಯಾರು ಕೊನೆಗೆ

ಹೊಸ ಟ್ಯಾಂಕಿನ ಗಾಜು, ಮರಳಿನ ಮೇಲೆ ಕಂದು ಧೂಳಿನಂತೆ ಡಯಾಟಂ ಎಂಬ ಪಾಚಿ ಹಬ್ಬುತ್ತದೆ. ಅದು ಕಂಡ ಮೇಲೆ ಬಸವನಹುಳು, ಹರ್ಮಿಟ್ ಏಡಿಗಳನ್ನು ಕೆಲವೇ ಕೆಲವು ತನ್ನಿ. ಮೇಯಲು ಪಾಚಿಯೇ ಇಲ್ಲದಿರುವಾಗ ಡಜನ್‌ಗಟ್ಟಲೆ ತಂದರೆ ಹಸಿವಿನಿಂದ ಸಾಯುತ್ತವೆ.

ಮೀನುಗಳಲ್ಲಿ ಸಾಧುಗಳು ಮೊದಲು: ಫೈರ್‌ಫಿಶ್, ಗೋಬಿ, ರಾಯಲ್ ಗ್ರಾಮಾ. ಕ್ಲೌನ್ ಫಿಶ್ ನಡುವೆ ಬರಲಿ. ಟ್ಯಾಂಗ್, ಡಾಟಿಬ್ಯಾಕ್, ಡ್ಯಾಮ್ಸೆಲ್‌ಗಳಂಥ ಜಗಳಗಂಟಿಗಳು ಕೊನೆಗೆ. ಒಮ್ಮೆಗೆ ಒಂದೋ ಎರಡೋ, ಪ್ರತಿ ಸಲದ ನಂತರ ಎರಡು ವಾರ ಬಿಡುವು. ಉಳಿದುಕೊಂಡದ್ದೇ ಡ್ಯಾಮ್ಸೆಲ್ ಆಗಿದ್ದರೆ? ಹೊಸಬರು ಬರುವ ದಿನ ಕಲ್ಲುಗಳ ಜೋಡಣೆ ಬದಲಿಸಿ, ಅದರ ಹಳೆಯ ಗಡಿ ಅಳಿಸಿಹೋಗುತ್ತದೆ. ಅದೂ ಸಾಲದಿದ್ದರೆ ಡ್ಯಾಮ್ಸೆಲ್ಲನ್ನೇ ಕೆಲವು ದಿನ ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು ಹೊಸಬರು ನೆಲೆಯೂರಲು ಬಿಡಿ. ಫೈರ್‌ಫಿಶ್ ಹೆದರಿದರೆ ಹೊರಗೆ ಹಾರುತ್ತದೆ, ಮೇಲೆ ಜಾಲರಿ ಮುಚ್ಚಳ ಇರಲೇಬೇಕು.

ಬಿಡುವ ವಿಧಾನದಲ್ಲೂ ಒಂದು ಸೂಕ್ಷ್ಮವಿದೆ. ದೂರದಿಂದ ಬಂದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದಾಗಿ ಅಲ್ಲಿ ಸೇರಿರುವ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಬಾಯಿ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಅಂಥ ಮೀನನ್ನು ಗಂಟೆಗಟ್ಟಲೆ ಅದೇ ನೀರಿನಲ್ಲಿಟ್ಟು ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವುದು ಹಾನಿಯೇ. ಕಟ್ಟಿದ ಚೀಲವನ್ನು 15-20 ನಿಮಿಷ ತೇಲಿಸಿ ಶಾಖ ಸಮ ಮಾಡಿ. ಕ್ವಾರಂಟೈನ್ ತೊಟ್ಟಿಯ ಉಪ್ಪಿನಂಶವನ್ನು ಚೀಲದ ನೀರಿಗೆ ಮೊದಲೇ ಹೊಂದಿಸಿಟ್ಟುಕೊಂಡಿದ್ದರೆ ಬಿಚ್ಚಿದ ಕೂಡಲೇ ಮೀನನ್ನು ದಾಟಿಸಬಹುದು. ಚೀಲದ ನೀರು ಟ್ಯಾಂಕಿಗೆ ಬೀಳದಿರಲಿ.

ಹವಳಗಳು

ಹವಳಗಳು ಸತ್ತು ಕಡಿಮೆಯಾದರೆ ಕ್ಯಾಲ್ಸಿಯಂ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) ಬಳಕೆಯೂ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲೇ ಇವನ್ನು ತುಂಬಿಕೊಡುವ ಡೋಸ್ ಹಾಕುತ್ತ ಹೋದರೆ ಆಲ್ಕಲಿನಿಟಿ ಏರಿ ಉಳಿದ ಹವಳವೂ ಸುಡುತ್ತದೆ. ಡೋಸಿಂಗ್ ನಿಲ್ಲಿಸಿ, ದಿನಾ ಎಷ್ಟು ಇಳಿಯುತ್ತದೆ ಎಂದು ಅಳೆದು ಮತ್ತೆ ಆರಂಭಿಸಿ. ಆಲ್ಕಲಿನಿಟಿ 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇದ್ದರೆ ಸಾಕು, ಏರಿಳಿತ ಇಲ್ಲದಿರುವುದು ಅದಕ್ಕಿಂತ ಮುಖ್ಯ. ಹೊಸ ನೀರು ತಿಳಿಯಾಗಿರುವುದರಿಂದ ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತದೆ. ದೀಪವನ್ನು ಅರ್ಧಕ್ಕೆ ತಗ್ಗಿಸಿ ವಾರವಾರ ಏರಿಸಿ. ಮಶ್ರೂಮ್, ಲೆದರ್‌ನಂಥ ಮೃದು ಹವಳಗಳು ಚೆನ್ನಾಗಿ ಅರಳಿದ ಮೇಲೆ ಗಟ್ಟಿ ಹವಳಗಳಿಗೆ ಕೈಹಾಕಿ, ಆಕ್ರೊಪೊರಾ ಎಲ್ಲಕ್ಕಿಂತ ಕೊನೆಗೆ.

ಮ್ಯಾಂಡರಿನ್ ಮೀನು ಮತ್ತು ಹವಳದ ಬಳಗದ ಜೀವಿ ಅನಿಮೋನ್‌ಗೆ ಆರು ತಿಂಗಳಾದರೂ ಕಾಯಬೇಕು. ಮ್ಯಾಂಡರಿನ್ ದಿನವಿಡೀ ಕೋಪೆಪಾಡ್ ಎಂಬ ಪುಟ್ಟ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು, ಮರಳು ಬದಲಿಸಿದಾಗ ಅದರ ಮೇವಿನ ಬಹುಪಾಲು ಹೋಗಿರುತ್ತದೆ. ಅನಿಮೋನ್ ಇಲ್ಲದೆಯೂ ಕ್ಲೌನ್ ಫಿಶ್ ಆರೋಗ್ಯವಾಗಿರುತ್ತದೆ, ಅದಕ್ಕಾಗಿ ಅವಸರ ಬೇಡ. ಹೊಸ ಜಾಗದಲ್ಲಿ ಅನಿಮೋನ್ ನೆಲೆ ಹುಡುಕುತ್ತ ಅಲೆಯುತ್ತದೆ, ಪವರ್‌ಹೆಡ್ಡಿಗೆ ಸಿಕ್ಕಿ ಚೂರಾದರೆ ಇಡೀ ಟ್ಯಾಂಕಿನ ನೀರೇ ಕೆಡಬಹುದು. ಅದನ್ನು ತರುವ ಮೊದಲೇ ಪ್ರತಿ ಪವರ್‌ಹೆಡ್ಡಿನ ಬಾಯಿಗೂ ಸ್ಪಂಜಿನ ಕವಚ ತೊಡಿಸಿ.